ಪವರ್ ಲಿಮಿಟ್ ನೂರಾ ಹದಿನೈದು

ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವರಲ್ಲಿ ನಾನೇ ಮೊದಲು. ಯಾವ ಮಾತು ಎಲ್ಲಿ ಶುರುವಾದರೂ ಇದನ್ನು ಅದರೊಳಗೆ ತೂರಿಸದೆ ಬಿಡುವುದಿಲ್ಲ ಎಂದು ನನ್ನ ಅಣ್ಣ ದೂರುತ್ತಾನೆ. ಅದಕ್ಕೇ ಈ ಸಲ ಮೊದಲ ಸಾಲಿನಲ್ಲೇ ಹೇಳಿ ಮುಗಿಸಿಬಿಟ್ಟೆ. ಓದಿದ್ದು ಬಿ.ಇ., ಕಂಪ್ಯೂಟರ್ ಸೈನ್ಸ್. ಮೊದಲ ವರ್ಷದಲ್ಲಿ ಎಲ್ಲರಿಗೂ ಇರುವ ಬೇಸಿಕ್ ಎಲೆಕ್ಟ್ರಿಕಲ್ ಎಂಬ ವಿಷಯವನ್ನು ಮೂರನೇ ಸಲಕ್ಕೆ ಪಾಸು ಮಾಡಿದೆ. ಇದನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ. ಒಳಗೊಳಗೆ ಒಂದು ಸಮಾಧಾನ ಇಟ್ಟುಕೊಂಡಿದ್ದೆ: ಉಳಿದವರು ಒಂದು ಸಲ ಓದಿದ್ದನ್ನು ನಾನು ಮೂರು ಸಲ ಓದಿದ್ದೇನೆ, ಆದ್ದರಿಂದ ಕರೆಂಟಿನ ವಿಷಯ ನನಗೆ ಮೂರು ಪಟ್ಟು ಗೊತ್ತು.

ನಮ್ಮ ತಾತ ಹಾಸನದ ಕಡೆಯಿಂದ ಕುಶಾಲನಗರದ ಹತ್ತಿರದ ಎಸ್ಟೇಟಿಗೆ ಕೆಲಸಕ್ಕೆ ಬಂದು ನಿಂತವರು. ಅವ್ವ ಅದೇ ಎಸ್ಟೇಟಿನಲ್ಲಿ ಮೂವತ್ತು ವರ್ಷ ಕಾಫಿ ಹಣ್ಣು ಬಿಡಿಸಿದಳು. ಅಪ್ಪ ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ತೀರಿಕೊಂಡರು. ಹತ್ತನೇ ಕ್ಲಾಸಿನಲ್ಲಿದ್ದ ಅಣ್ಣ ಪರೀಕ್ಷೆಗೆ ಕೂರದೆ ಎಸ್ಟೇಟಿನ ಪಂಪ್‌ಹೌಸಿಗೆ ಸೇರಿಕೊಂಡ. ಅವನು ಹೊಳೆಯಿಂದ ನೀರೆತ್ತಿದ್ದರಿಂದಲೇ ನಾನು ಹಾಸ್ಟೆಲಿನಲ್ಲಿ ಕೂತು ಬೇಸಿಕ್ ಎಲೆಕ್ಟ್ರಿಕಲ್ ಮೂರು ಸಲ ಓದಲು ಆಯಿತು. ಈಗ ನಾವು ಎಸ್ಟೇಟಿನವರು ಕೂಲಿಯವರಿಗೆ ಸಾಲಾಗಿ ಕಟ್ಟಿಸಿದ ಲೈನ್ ಮನೆ ಬಿಟ್ಟು ಎಸ್ಟೇಟ್ ಬೇಲಿಯ ಹೊರಗೆ ಎರಡು ಕೋಣೆಯ ಸ್ವಂತ ಮನೆಯಲ್ಲಿದ್ದೇವೆ.

ಓದು ಮುಗಿದ ಮೇಲೆ ಎರಡು ವರ್ಷ ಮೈಸೂರಿನ ಒಂದು ಸಣ್ಣ ಆಫೀಸಿನಲ್ಲಿ ಕೆಲಸ ಮಾಡಿದೆ. ಇನ್ನೂ ಕಟ್ಟದ ಮನೆಗಳು ಕಟ್ಟಿದ ಮೇಲೆ ಹೇಗೆ ಕಾಣುತ್ತವೆ ಎಂದು ಕಂಪ್ಯೂಟರಿನಲ್ಲಿ ಚಿತ್ರ ಮಾಡಿ ತೋರಿಸುವ ಕೆಲಸ. ಆ ಆಫೀಸು ಮುಚ್ಚಿತು. ಊರಿಗೆ ಬಂದು ಎಂಟು ತಿಂಗಳು ಕುಶಾಲನಗರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಆಧಾರ್ ಕಾರ್ಡುಗಳಿಗೆ ಲ್ಯಾಮಿನೇಷನ್ ಹಾಕಿದೆ. ಅಂಗಡಿಗೆ ಬಂದವರಲ್ಲಿ ಯಾರಾದರೂ ‘ಏನ್ ಓದಿದ್ದೀಯಮ್ಮ’ ಎಂದು ಕೇಳಲಿ ಎಂದು ಕಾಯುತ್ತಿದ್ದೆ. ಕೇಳಿದ ಮೇಲೆ ಯಾಕಾದರೂ ಕೇಳಿದರೋ ಅನ್ನಿಸುತ್ತಿತ್ತು.

ಆಗ ಮೈಸೂರಿನಲ್ಲಿ ಅದೇ ಥರದ ಕೆಲಸ ಮಾಡುವ ಒಂದು ಸ್ಟುಡಿಯೋದಿಂದ ಕರೆ ಬಂತು. ಮನೆಯಲ್ಲೇ ಕೂತು ಮಾಡುವ ಕೆಲಸ, ಮೊದಲು ಒಂದು ಪರೀಕ್ಷೆ. ಕೊಡಗಿನದೇ ಬಿಟ್ಟಂಗಾಲದಲ್ಲಿ ಯಾರೋ ತೋಟದ ನಡುವೆ ಬಂಗಲೆ ಕಟ್ಟಿಸುತ್ತಿದ್ದರು. ಅದರ ಹನ್ನೆರಡು ಸೆಕೆಂಡಿನ ವಿಡಿಯೋ ಮಾಡಬೇಕು: ಕ್ಯಾಮೆರಾ ಕಾಫಿ ಗಿಡಗಳ ನಡುವಿನ ದಾರಿಯಲ್ಲಿ ನಡೆದು, ಮೆಟ್ಟಿಲು ಹತ್ತಿ, ಮನೆಯೊಳಗೆ ಹೋಗಬೇಕು. ಶನಿವಾರ ಸಂಜೆ ನಾಲ್ಕು ಗಂಟೆಯೊಳಗೆ ಕಳಿಸಬೇಕು. ಪಾಸಾದರೆ ನಾನು ಓದಿದ ಕೆಲಸ. ಆಗದಿದ್ದರೆ ಸೋಮವಾರ ಬೆಳಿಗ್ಗೆ ಲ್ಯಾಮಿನೇಷನ್.

ಸ್ಟುಡಿಯೋದವರು ಮನೆಯ ಮಾದರಿಯ ಜೊತೆ ಗಿಡಗಳನ್ನೂ ಕಳಿಸಿದ್ದರು. ‘ಕಾಫಿ’ ಎಂದು ಹೆಸರು ಬರೆದ ಫೈಲು ತೆರೆದರೆ ಯಾವುದೋ ದೇಶದ ಬೇಲಿ ಗಿಡ. ಅದನ್ನೇ ಹಾಕಿದ್ದರೆ ಯಾರೂ ಕೇಳುತ್ತಿರಲಿಲ್ಲ, ನನ್ನ ಕಂಪ್ಯೂಟರೂ ಆರಾಮಾಗಿ ಕೆಲಸ ಮುಗಿಸುತ್ತಿತ್ತು. ಆದರೆ ಕಾಫಿ ಬಿಡಿಸಿದವಳ ಮಗಳ ಮುಂದೆ ಇದೇ ಕಾಫಿ ಎನ್ನುವುದೆಂದರೇನು? ನಾನೇ ಕೂತು ಒಂದೊಂದು ಎಲೆ ಮಾಡಿದೆ. ಎಲೆಗೆ ಹೊಳಪು, ಅಂಚಿಗೆ ಅಲೆ, ಗೆಣ್ಣು ಗೆಣ್ಣಿಗೆ ಬಿಳಿ ಹೂವು, ನಡುನಡುವೆ ಕೆಂಪು ಹಣ್ಣಿನ ಗೊಂಚಲು. ಎರಡು ದಿನ ಅದಕ್ಕೇ ಹೋಯಿತು. ಹೆಮ್ಮೆಯಿಂದ ಅವ್ವನನ್ನು ಕರೆದು ತೋರಿಸಿದೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಹತ್ತಿರ ಬಂದು ನೋಡಿದಳು.

“ಹೂವೂ ಹಣ್ಣೂ ಒಟ್ಟಿಗೆ ಬಿಟ್ಟವಲ್ಲೇ. ಯಾವ ತೋಟ ಇದು?”

ಹಣ್ಣು ಬಿಡಿಸಿ ಮುಗಿದು, ಗಿಡಕ್ಕೆ ನೀರು ಬಿದ್ದ ಮೇಲೆ ಹೂವು ಬರುವುದು. ಇದು ಇಲ್ಲಿ ಮೂರು ವರ್ಷದ ಮಗುವಿಗೂ ಗೊತ್ತು. ಹಣ್ಣುಗಳನ್ನೆಲ್ಲ ಅಳಿಸಿದೆ. ಹೂವು ಉಳಿಯಿತು.

ಗಿಡಗಳು ಸರಿಯಾದವು, ಆದರೆ ಭಾರವಾದವು. ಹನ್ನೆರಡು ಸೆಕೆಂಡಿನ ವಿಡಿಯೋ ಎಂದರೆ ಮುನ್ನೂರು ಬಿಡಿ ಚಿತ್ರಗಳು. ಪ್ರತಿ ಚಿತ್ರದಲ್ಲಿ ಯಾವ ಎಲೆಯ ಮೇಲೆ ಎಷ್ಟು ಬೆಳಕು ಬೀಳುತ್ತದೆ ಎಂದು ಕಂಪ್ಯೂಟರಿನ ಒಳಗಿನ ಗ್ರಾಫಿಕ್ಸ್ ಕಾರ್ಡು ಲೆಕ್ಕ ಹಾಕಬೇಕು. ನನ್ನದು ಬೇರೆಯವರು ಬಳಸಿ ಬಿಟ್ಟ ಹಳೆಯ ಕಾರ್ಡು. ಒಂದು ಚಿತ್ರಕ್ಕೆ ಎರಡು ನಿಮಿಷ ಮೂವತ್ತೆಂಟು ಸೆಕೆಂಡು ತೆಗೆದುಕೊಂಡಿತು. ಮುನ್ನೂರಕ್ಕೆ ಹದಿಮೂರು ಗಂಟೆ ಚಿಲ್ಲರೆ. ಅಂದು ಶುಕ್ರವಾರ ಬೆಳಿಗ್ಗೆ. ಸುಮ್ಮನೆ ಬಿಟ್ಟಿದ್ದರೆ ಊಟ ಮಾಡಿ ಮಲಗಿ ಏಳುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ಸುಮ್ಮನಿರುವುದು ನಾನು ಯಾವ ಸೆಮಿಸ್ಟರಿನಲ್ಲೂ ಓದಿದ ವಿಷಯವಲ್ಲ.

ಗ್ರಾಫಿಕ್ಸ್ ಕಾರ್ಡಿಗೆ ಕಂಪನಿಯವರು ಗೊತ್ತುಮಾಡಿದ ಒಂದು ವೇಗ ಇರುತ್ತದೆ. ಅದನ್ನು ಮೀರಿ ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಅದಕ್ಕೆಂದೇ ಸಣ್ಣ ಸಾಫ್ಟ್‌ವೇರುಗಳಿವೆ. ತೆರೆದರೆ ಪರದೆಯ ಮೇಲೆ ಮೂರು ಪಟ್ಟಿಗಳು. ಎರಡು ಪಟ್ಟಿ ವೇಗಕ್ಕೆ. ಮೂರನೆಯದರ ಹೆಸರು ಪವರ್ ಲಿಮಿಟ್. ಅದು ನೂರರಲ್ಲಿ ನಿಂತಿತ್ತು, ಬಲಕ್ಕೆ ನೂರಾ ಹದಿನೈದರವರೆಗೆ ಜಾಗ ಖಾಲಿ ಇತ್ತು.

ಲಿಮಿಟ್ ಎಂಬ ಮಾತು ಕಂಡರೆ ನನಗೆ ಮೊದಲಿನಿಂದ ಆಗುವುದಿಲ್ಲ. ಎಸ್ಸೆಸ್ಸೆಲ್ಸಿ ಸಾಕು ಎಂದವರಿದ್ದರು. ಪಿಯುಸಿ ಆಯಿತಲ್ಲ, ಇನ್ನು ಕಾಫಿ ಪಿಕಿಂಗಿಗೆ ಕಳಿಸಿ ಎಂದವರಿದ್ದರು. ನಿಮ್ಮವರಿಗೆ ಇಂಜಿನಿಯರಿಂಗ್ ಕಷ್ಟ ಕಣಮ್ಮ ಎಂದು ಕನಿಕರದಿಂದ ಹೇಳಿದವರೂ ಇದ್ದರು. ಅವರೆಲ್ಲರ ಮುಖವೂ ನನಗೆ ಆ ನೂರರ ಗೆರೆಯಲ್ಲಿ ಕಂಡಿತು. ಪಟ್ಟಿಯನ್ನು ಕೊನೆಯವರೆಗೂ ಎಳೆದೆ. ವೇಗದ ಎರಡು ಪಟ್ಟಿಗಳನ್ನೂ ಏರಿಸಿದೆ. ಒಂದು ಚಿತ್ರಕ್ಕೆ ಎರಡು ನಿಮಿಷ ಮೂವತ್ತೊಂದು ಸೆಕೆಂಡು. ಏಳು ಸೆಕೆಂಡು ಉಳಿಯಿತು ಎಂದು ಅವ್ವನಿಗೆ ಹೇಳಿದೆ. ಅವಳು ಒಳ್ಳೆಯದಾಯಿತು ಬಿಡು ಎಂದು ಅಕ್ಕಿ ಆರಿಸುತ್ತಲೇ ಇದ್ದಳು.

ಹನ್ನೆರಡು ಚಿತ್ರ ಆಗಿತ್ತು. ಮೇಜಿನ ಕೆಳಗಿನ ಯುಪಿಎಸ್ ಕೂಗಿತು. ಕರೆಂಟ್ ಹೋದಾಗ ಕಂಪ್ಯೂಟರಿಗೆ ಹತ್ತು ನಿಮಿಷ ಜೀವ ಕೊಡುವ ಆ ಬ್ಯಾಟರಿ ಡಬ್ಬ ನಮ್ಮ ಕಡೆ ದಿನಕ್ಕೆ ಇಪ್ಪತ್ತು ಸಲ ಕೂಗುತ್ತದೆ, ಯಾರೂ ಕಿವಿ ಕೊಡುವುದಿಲ್ಲ. ಈ ಸಲ ಕೂಗಿದ್ದೇ ತಡ ಎಲ್ಲವೂ ಆರಿಹೋಯಿತು. ಕಂಪ್ಯೂಟರ್ ಕಪ್ಪು. ಮೇಲೆ ಫ್ಯಾನು ಮಾತ್ರ ತಿರುಗುತ್ತಿತ್ತು. ತಿರುಗುತ್ತಿರುವ ಫ್ಯಾನನ್ನು ನೋಡಿಕೊಂಡೇ ನಾನು ತೀರ್ಮಾನಕ್ಕೆ ಬಂದೆ: ವೋಲ್ಟೇಜ್ ಇಳಿದಿದೆ.

ನನ್ನ ಬಾಲ್ಯ ತಿಳಿಯದೆ ಈ ತೀರ್ಮಾನ ಅರ್ಥವಾಗುವುದಿಲ್ಲ. ಫೆಬ್ರವರಿ ಮಾರ್ಚಿನಲ್ಲಿ ಕಾಫಿ ಹೂ ಬಿಡಿಸಲು ಎಸ್ಟೇಟಿನವರು ಸ್ಪ್ರಿಂಕ್ಲರಿನಲ್ಲಿ ನೀರು ಹೊಡೆಯುತ್ತಾರೆ. ಆಗೆಲ್ಲ ಪಂಪಿನ ಮೋಟಾರು ಶುರುವಾದರೆ ಲೈನ್ ಮನೆಗಳ ಬಲ್ಬು ಕುಂಬಳದ ಹೂವಿನ ಬಣ್ಣಕ್ಕೆ ತಿರುಗುತ್ತಿತ್ತು. ಅದಕ್ಕಾಗಿ ಪ್ರತಿ ಮನೆಯ ಗೋಡೆಯಲ್ಲೂ ವೋಲ್ಟೇಜ್ ಏರಿಸುವ ಒಂದು ಕಬ್ಬಿಣದ ಪೆಟ್ಟಿಗೆ ಇತ್ತು. ಸ್ಟೆಪ್‌ಅಪ್ ಎನ್ನುತ್ತಿದ್ದೆವು. ಅದರ ಮೂತಿಯಲ್ಲಿ ಐದು ಗೆರೆಯ ಒಂದು ತಿರುಪು. ಬೆಳಕು ಮಂಕಾದರೆ ಒಂದು ಗೆರೆ ಮೇಲಕ್ಕೆ ತಿರುಗಿಸಬೇಕು. ಮೋಟಾರು ನಿಂತ ಕೂಡಲೇ ಕೆಳಕ್ಕೆ ಇಳಿಸಬೇಕು, ತಡವಾದರೆ ಬಲ್ಬು ಪಟ್ಟೆಂದು ಹೋಗುತ್ತದೆ. ಅಣ್ಣ ಪಂಪಿಗೆ ಸೇರಿದ ಮೇಲೆ ಲೈನಿಗೆಲ್ಲ ಒಂದು ಏರ್ಪಾಡು ಮಾಡಿದ. ಮೋಟಾರು ಹಾಕುವಾಗ ಒಂದು ಮಿಸ್ಡ್ ಕಾಲ್, ನಿಲ್ಲಿಸುವಾಗ ಎರಡು. ನಮ್ಮ ಮನೆಯಲ್ಲಿ ಫೋನಿಗೆ ಕಿವಿಯಿಟ್ಟು ತಿರುಪು ತಿರುಗಿಸುವ ಕೆಲಸ ನನ್ನದು. ಪಾಠ ಓದುತ್ತಲೇ ಎಡಗೈಯಲ್ಲಿ ತಿರುಗಿಸುತ್ತಿದ್ದೆ. ಕಡಿಮೆಯಾದರೆ ಏರಿಸು: ಕರೆಂಟಿನ ಬಗ್ಗೆ ನನಗಿದ್ದ ನಿಜವಾದ ವಿದ್ಯೆ ಇಷ್ಟೇ. ಆ ಮೂರು ಪರೀಕ್ಷೆಗಳು ಇದರ ಮೇಲೆ ಬಳಿದ ಸುಣ್ಣ.

ಪವರ್ ಲಿಮಿಟ್ ಪಟ್ಟಿಯನ್ನು ಎಳೆಯುವಾಗಲೂ ನನ್ನ ತಲೆಯಲ್ಲಿದ್ದದ್ದು ಆ ತಿರುಪೇ. ಬಲಕ್ಕೆ ಎಳೆದಷ್ಟೂ ಕಾರ್ಡಿಗೆ ಬಲ ಬರುತ್ತದೆ ಎಂದು ನಂಬಿದ್ದೆ. ಬಂದ ಮೇಲೂ ಆರಿಹೋದರೆ? ಗೋಡೆಯಿಂದಲೇ ಬಲ ಸಾಲುತ್ತಿಲ್ಲ ಎಂದರ್ಥ. ಸೀದಾ ಎದ್ದು ಹೋಗಿ, ಹೊಸ ಮನೆಗೂ ನಮ್ಮೊಂದಿಗೆ ಬಂದಿದ್ದ ಹಳೆಯ ಸ್ಟೆಪ್‌ಅಪ್ಪನ್ನು ಒಂದು ಗೆರೆ ಏರಿಸಿದೆ.

ಕಂಪ್ಯೂಟರ್ ಮತ್ತೆ ಹಾಕಿ, ಅಷ್ಟು ಗಿಡಗಳ ಫೈಲು ತೆರೆದುಕೊಳ್ಳಲು ಕಾಲು ಗಂಟೆ. ನಾಲ್ಕು ಚಿತ್ರ ಆಯಿತು. ಯುಪಿಎಸ್ ಈಗ ಬಿಟ್ಟು ಬಿಟ್ಟು ಕೂಗತೊಡಗಿತು, ಆಮೇಲೆ ಕಪ್ಪು. ಇನ್ನೊಂದು ಗೆರೆ ಏರಿಸಿದೆ. ಈ ಸಲ ಎರಡೇ ಚಿತ್ರ. ನಾನು ಏರಿಸಿದಷ್ಟೂ ಅದು ಬೇಗ ಸಾಯುತ್ತಿತ್ತು. ಬೇರೆ ಯಾರಿಗಾದರೂ ಅಲ್ಲೇ ಅನುಮಾನ ಬರುತ್ತಿತ್ತು. ನನಗೆ ಬಂದದ್ದು ಸಿಟ್ಟು, ಅದೂ ಕರೆಂಟ್ ಆಫೀಸಿನ ಮೇಲೆ. ಒಂದು ಅರ್ಜಿ ಬರೆದೆ. ‘ಅನಿಯಮಿತ ವಿದ್ಯುತ್ ಪೂರೈಕೆಯಿಂದ ನನ್ನ ವೃತ್ತಿಜೀವನಕ್ಕೆ ಧಕ್ಕೆಯಾಗುತ್ತಿರುವ ಬಗ್ಗೆ’ ಎಂದು ವಿಷಯ ನಮೂದಿಸಿ, ಕೆಳಗೆ ಹೆಸರಿನ ಪಕ್ಕದಲ್ಲಿ ಬಿ.ಇ. ಎಂದು ಹಾಕಿ, ಅದರ ಫೋಟೋ ತೆಗೆದು ಲೈನ್‌ಮ್ಯಾನ್ ಫೋನಿಗೆ ಕಳಿಸಿದೆ.

ಪಾಪದ ಮನುಷ್ಯ ಆ ಸಂಜೆಯೇ ಬಂದ. ಬಾಗಿಲ ಹತ್ತಿರದ ಮೀಟರ್ ಬೋರ್ಡಿನಲ್ಲಿ ತನ್ನ ವೋಲ್ಟ್ ಮೀಟರಿನ ಕಡ್ಡಿಗಳನ್ನಿಟ್ಟು ನೋಡಿದ. ಇನ್ನೂರ ಇಪ್ಪತ್ತಾರು ವೋಲ್ಟ್, ಮದುವೆ ಮನೆಯ ಕರೆಂಟಿನಂತಿದೆ ಎಂದ. ಆಮೇಲೆ ಒಳಗೆ ಬಂದು ಕಂಪ್ಯೂಟರಿನ ಪ್ಲಗ್ಗಿನಲ್ಲಿ ನೋಡಿದ. ಇನ್ನೂರ ಅರವತ್ತೆರಡು. ಗೋಡೆಯ ಪೆಟ್ಟಿಗೆಯ ಕಡೆ ತಿರುಗಿದ.

“ಇದನ್ನ ಯಾರು ಏರ್ಸಿದ್ದು?”

“ನನ್ನ ಮಗಳು ಕಣಪ್ಪ,” ಅಂದಳು ಅವ್ವ. “ಇಂಜಿನಿಯರ್ ಓದವ್ಳೆ.”

ಅವಳು ಅದನ್ನು ತಮಾಷೆಗೆ ಹೇಳಲಿಲ್ಲ. ಹೊಸಬರು ಯಾರೇ ಬಂದರೂ ಅವಳು ಹೇಳುವ ಮಾತೇ ಅದು. ಲೈನ್‌ಮ್ಯಾನ್ ಕೂಡ ನಗಲಿಲ್ಲ. ತಿರುಪನ್ನು ಎಲ್ಲಕ್ಕಿಂತ ಕೆಳಗಿನ ಗೆರೆಗೆ ಇಳಿಸಿದ. ವೋಲ್ಟೇಜ್ ವಿಪರೀತ ಆಗಿದ್ದಕ್ಕೆ ಯುಪಿಎಸ್ ಗೋಡೆಯ ಕರೆಂಟನ್ನು ಬಿಟ್ಟು ಬ್ಯಾಟರಿಗೆ ಹೋಗುತ್ತಿದೆ, ಬ್ಯಾಟರಿ ಖಾಲಿಯಾಗಿ ಆರುತ್ತಿದೆ ಎಂದು ಹೇಳಿ, ಕೊಟ್ಟ ಕಾಫಿ ಕುಡಿದು ಹೋದ. ಬೆಳಿಗ್ಗೆಯಿಂದ ಹೀಗೇ ಆರಿಸಿ ಹಾಕಿ, ಆರಿಸಿ ಹಾಕಿ ಅಲ್ಲಿಯವರೆಗೆ ಆದದ್ದು ಒಟ್ಟು ಮೂವತ್ತೆಂಟು ಚಿತ್ರ.

ಸಮಸ್ಯೆ ಬಗೆಹರಿಯಿತು ಎಂದುಕೊಂಡೆ. ಮೊದಲ ಸಲ ಆರಿಹೋದಾಗ ನಾನಿನ್ನೂ ತಿರುಪು ಮುಟ್ಟಿರಲಿಲ್ಲ ಎಂಬುದು ನೆನಪಾಗಲೇ ಇಲ್ಲ. ನೂರಾ ಹದಿನೈದನ್ನು ಹಾಗೇ ಬಿಟ್ಟು, ಕೆಲಸ ಮತ್ತೆ ಶುರು ಮಾಡಿ ಮಲಗಿದೆ. ಶನಿವಾರ ಬೆಳಿಗ್ಗೆ ಎದ್ದು ನೋಡಿದರೆ ಪರದೆ ಕಪ್ಪು. ಕ್ಯಾಮೆರಾ ಗಿಡಗಳು ದಟ್ಟವಾಗಿದ್ದ ಜಾಗಕ್ಕೆ ಬಂದು ನಿಂತಿತ್ತು. ತೊಂಬತ್ತೇಳು ಚಿತ್ರ. ಉಳಿದದ್ದು ಇನ್ನೂರ ಮೂರು, ಇದ್ದದ್ದು ಎಂಟು ಗಂಟೆಗಿಂತ ಕಡಿಮೆ. ಬೆರಳು ಮಡಿಚಿ ಲೆಕ್ಕ ಹಾಕಿದೆ. ಹೇಗೆ ಹಾಕಿದರೂ ಆಗುವುದಿಲ್ಲ.

ಆಗ ನಾನು ಮಾಡಿದ ಕೆಲಸವನ್ನು ಬರೆಯಲು ಇಷ್ಟವಿಲ್ಲ, ಆದರೂ ಬರೆಯುತ್ತೇನೆ. ಸ್ಟುಡಿಯೋದಲ್ಲಿ ನನ್ನ ಪರೀಕ್ಷೆ ನೋಡಿಕೊಳ್ಳುತ್ತಿದ್ದ ಮೇಡಂಗೆ ಒಂದು ಮೆಸೇಜ್ ಹಾಕಿದೆ. ‘ಮೇಡಂ, ಇಲ್ಲಿ ನಿನ್ನೆಯಿಂದ ಕರೆಂಟ್ ಸಮಸ್ಯೆ. ದಯವಿಟ್ಟು ಸೋಮವಾರದವರೆಗೆ ಸಮಯ ಕೊಡಿ.’ ಕೊಡಗಿನ ಕರೆಂಟಿನ ಬಗ್ಗೆ ಏನು ಹೇಳಿದರೂ ಮೈಸೂರಿನವರು ನಂಬುತ್ತಾರೆ. ನೆಪ ತಯಾರಾಗಿಯೇ ಇರುತ್ತದೆ, ಎತ್ತಿಕೊಂಡರಾಯಿತು.

ಅವರು ನಂಬಿದರು. ಉತ್ತರ ಐದೇ ನಿಮಿಷದಲ್ಲಿ ಬಂತು, ಬಹಳ ಮೃದುವಾಗಿ. ‘ಗೊತ್ತಾಗುತ್ತೆ, ಬೇಜಾರು ಮಾಡ್ಕೋಬೇಡಿ. ಆದ್ರೆ ಕರೆಂಟ್ ಹೀಗಿದ್ರೆ ಮನೆಯಿಂದ ಕೆಲಸ ಮಾಡೋದು ನಿಮಗೇ ಕಷ್ಟ ಅಲ್ವಾ? ನಮ್ಮ ಡೆಡ್‌ಲೈನ್‌ಗಳು ತುಂಬಾ ಟೈಟ್. ಟೆಸ್ಟ್ ಇಲ್ಲಿಗೆ ಬಿಟ್ಟುಬಿಡೋಣ. ಮುಂದೆ ಮೈಸೂರಿಗೇ ಬರೋ ಹಾಗಿದ್ರೆ ಹೇಳಿ.’

ಓದಿ ಮುಗಿಸಿ ಮೇಜಿನ ಮುಂದೆ ಕೂತೆ. ಇನ್ನೇನೂ ತೋಚದೆ ಕಂಪ್ಯೂಟರ್ ಹಾಕಿ, ಅದೇ ನೂರಾ ಹದಿನೈದರಲ್ಲಿ ಕೆಲಸ ಶುರು ಮಾಡಿದೆ. ಪ್ರಯೋಜನವಿಲ್ಲ ಎಂದು ಗೊತ್ತಿತ್ತು, ಕೈಗೆ ಏನಾದರೂ ಬೇಕಿತ್ತು. ಅಣ್ಣ ರಾತ್ರಿ ಪಾಳಿ ಮುಗಿಸಿ ಆಗ ತಾನೇ ಬಂದ. ಪ್ಯಾಂಟು ಮೊಣಕಾಲಿನವರೆಗೆ ಒದ್ದೆ. ಅವ್ವ ಕೊಟ್ಟ ರೊಟ್ಟಿ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದ. ನಾನು ಮೋಟಾರಿಗೆ ಬಯ್ದೆ. ನಿಮ್ಮ ಪಂಪಿನಿಂದಲೇ ಇಡೀ ಊರಿಗೆ ವೋಲ್ಟೇಜ್ ಇಲ್ಲ ಎಂದೆ. ಲೈನ್‌ಮ್ಯಾನ್ ಮೀಟರಿಟ್ಟು ತೋರಿಸಿದ ಮೇಲೂ ಹಾಗೆ ಅನ್ನಲು ಒಂದು ಮಟ್ಟದ ಓದು ಬೇಕು.

ಅವನು ರೊಟ್ಟಿ ಮುರಿಯುತ್ತ, ಎಸ್ಟೇಟ್ ಪಂಪಿಗೆ ಬೇರೆ ಟ್ರಾನ್ಸ್‌ಫಾರ್ಮರ್ ಬಂದು ಎರಡು ವರ್ಷವಾಯಿತು ಎಂದ. ನಾನು ಮೈಸೂರಿನಲ್ಲಿದ್ದಾಗಿನ ಮಾತು. ಈಗ ಯಾರ ಮನೆಯ ಬೆಳಕೂ ಮಂಕಾಗುವುದಿಲ್ಲ, ಮಿಸ್ಡ್ ಕಾಲ್ ಕೊಡುವುದೂ ನಿಂತಿದೆ. ಗೋಡೆಯಲ್ಲಿ ಪೆಟ್ಟಿಗೆ ಇನ್ನೂ ಇದ್ದದ್ದು ಬಿಚ್ಚಲು ಸೋಮಾರಿತನವಾಗಿ. ಎಂಟು ತಿಂಗಳು ಆ ಪೆಟ್ಟಿಗೆಯ ಕೆಳಗೇ ಕೂತಿದ್ದ ನನಗೆ ಇದು ತಿಳಿದಿರಲಿಲ್ಲ.

ಆ ಹೊತ್ತಿಗೆ ಯುಪಿಎಸ್ ಕೂಗಿತು. ಅಣ್ಣ ತುತ್ತು ಬಾಯಲ್ಲಿಟ್ಟುಕೊಂಡೇ ತಲೆ ವಾರೆ ಮಾಡಿ ಕೇಳಿದ.

“ಕರೆಂಟ್ ಹೋದ್ರೆ ಬಿಟ್ಟು ಬಿಟ್ಟು ಕೂಗ್ತದೆ. ಇದು ಒಂದೇ ಉಸ್ರಿಗೆ ಕೂಗ್ತಾ ಅದೆ. ಲೋಡ್ ಜಾಸ್ತಿ ಆಗದೆ ಕಣೇ ಇದ್ಕೆ.”

ಪರದೆ ಕಪ್ಪಾಯಿತು. ಅವನು ತಟ್ಟೆ ಕೆಳಗಿಟ್ಟು, ಮೇಜಿನಡಿ ಕೂತು, ಯುಪಿಎಸ್ಸಿನ ಬೆನ್ನು ತಿರುಗಿಸಿ, ದೂಳು ಒರೆಸಿ ಅಲ್ಲಿದ್ದ ಚೀಟಿ ಓದಿದ. ಮುನ್ನೂರ ಅರವತ್ತು ವ್ಯಾಟ್. ನಿನ್ನ ಮಿಷನ್ ಎಷ್ಟು ತಿನ್ನುತ್ತದೆ ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಒಂದು ಹಾಳೆ ತೆಗೆದುಕೊಂಡು ಕೂಡಿಸಿದೆ: ಕಾರ್ಡು, ಪ್ರೊಸೆಸರು, ಮಾನಿಟರು, ಫ್ಯಾನುಗಳು, ನಡುವೆ ಶಾಖವಾಗಿ ಹೋಗುವುದು. ನೂರರಲ್ಲಿ ಹಾಗೂ ಹೀಗೂ ಮುನ್ನೂರ ನಲವತ್ತು. ನೂರಾ ಹದಿನೈದರಲ್ಲಿ, ಕಾರ್ಡು ಒಮ್ಮೆಲೇ ಎಳೆದಾಗ, ಮುನ್ನೂರ ಎಂಬತ್ತರ ಮೇಲೆ. ಹಾಳೆಯನ್ನು ಅವನಿಗೆ ತೋರಿಸದೆ ಮಡಿಚಿದೆ. ತೋರಿಸುವ ಅಗತ್ಯವೂ ಇರಲಿಲ್ಲ.

“ನಮ್ ಪಂಪಿಗೆ ಹತ್ತು ಸ್ಪ್ರಿಂಕ್ಲರ್ ಜೆಟ್,” ಅಂದ. “ಬೇಗ ಮುಗೀಲಿ ಅಂತ ಹದಿನಾಲ್ಕು ಹಾಕಿದ್ರೆ ಏನಾಯ್ತದೆ ಹೇಳು. ಯಾವ್ದೂ ಹಾರೋದಿಲ್ಲ, ಎಲ್ಲ ಅಲ್ಲಲ್ಲೇ ಉಚ್ಚೆ ಹೊಯ್ದಂಗೆ ಹೊಯ್ತವೆ. ನಿಮ್ ಕಾಲೇಜಲ್ಲಿ ಜೆಟ್ ಇರ್ಲಿಲ್ವಾ?”

ಇರಲಿಲ್ಲ ಎಂದೆ. ಆಗ ವಿಷಯ ನನ್ನ ತಲೆಗೆ ಹೋಯಿತು. ಪವರ್ ಲಿಮಿಟ್ ಎಂಬುದು ತಿರುಪಲ್ಲ. ಅದು ಕಾರ್ಡಿಗೆ ಬಲ ಕೊಡುವುದಿಲ್ಲ, ಇಷ್ಟರವರೆಗೆ ತಿನ್ನಬಹುದು ಎಂದು ಅಪ್ಪಣೆ ಕೊಡುತ್ತದೆ, ಅಷ್ಟೇ. ತಂದುಕೊಡುವವರು ಬೇರೆ: ಗೋಡೆ, ವೈರು, ಯುಪಿಎಸ್. ಅವರ ಹತ್ತಿರ ಇದೆಯೋ ಇಲ್ಲವೋ ಎಂದು ಆ ಪಟ್ಟಿ ಕೇಳುವುದಿಲ್ಲ. ನಾನು ಕಾರ್ಡಿನ ಹಸಿವು ಹೆಚ್ಚಿಸಿ, ಅಡುಗೆ ಮನೆಗೆ ಹೇಳಿಯೇ ಇರಲಿಲ್ಲ. ಇಷ್ಟೆಲ್ಲ ಮಾಡಿ ಉಳಿಸಿದ್ದು ಒಂದು ಚಿತ್ರಕ್ಕೆ ಏಳು ಸೆಕೆಂಡು. ಮುನ್ನೂರಕ್ಕೆ ಮೂವತ್ತೈದು ನಿಮಿಷ. ಆ ಮೂವತ್ತೈದು ನಿಮಿಷ ಉಳಿಸಲು ಒಂದು ಇಡೀ ದಿನ ಕಳೆದಿದ್ದೆ.

ಪಟ್ಟಿಯನ್ನು ನೂರಕ್ಕೆ ತಂದೆ. ಅಣ್ಣ ಇನ್ನೂ ಇಳಿಸು, ಒಂದೆರಡು ಜೆಟ್ ತೆಗಿ ಎಂದ. ಎಂಬತ್ತಕ್ಕೆ ತಂದೆ. ವೇಗದ ಪಟ್ಟಿಗಳನ್ನು ಸೊನ್ನೆಗೆ ಬಿಟ್ಟೆ. ಎರಡು ನಿಮಿಷ ನಲವತ್ತೈದು ಸೆಕೆಂಡು. ಐದನೇ ಒಂದು ಭಾಗ ಊಟ ಕಿತ್ತುಕೊಂಡರೂ ಕಾರ್ಡು ಏಳೇ ಸೆಕೆಂಡು ನಿಧಾನವಾಗಿತ್ತು. ಯುಪಿಎಸ್ ತುಟಿ ಬಿಚ್ಚಲಿಲ್ಲ. ಗಂಟೆ ಒಂಬತ್ತೂಕಾಲು. ನಾಲ್ಕರೊಳಗೆ ಮುನ್ನೂರು ಹೇಗೂ ಆಗುವುದಿಲ್ಲ, ಆದರೂ ಅದು ಓಡುತ್ತಿತ್ತು.

ಈಗ ಉಳಿದದ್ದು ಆ ಮೆಸೇಜು. ಅಣ್ಣನಿಗೆ ತೋರಿಸಿದೆ. ಕರೆಂಟ್ ಎಂದು ಸುಳ್ಳು ಬರೆದದ್ದನ್ನೂ ಅವರು ಕೊಟ್ಟ ಉತ್ತರವನ್ನೂ ಓದಿಸಿದೆ. ಅವನು ಗೇಲಿ ಮಾಡುತ್ತಾನೆ ಎಂದು ಕಾದೆ. ಮಾಡಲಿಲ್ಲ. ತಾನು ಪಂಪಿಗೆ ಸೇರಿದ ಹೊಸದರಲ್ಲಿ ಒಂದು ಮೋಟಾರು ಸುಟ್ಟ ಕಥೆ ಹೇಳಿದ. ಮೋಟಾರು ತನ್ನನ್ನು ಕಾಪಾಡಿಕೊಳ್ಳಲು ಮತ್ತೆ ಮತ್ತೆ ನಿಲ್ಲುತ್ತಿತ್ತಂತೆ. ಇವನು ಬೇಜಾರಾಗಿ, ನಿಲ್ಲಿಸುವ ಆ ರಿಲೇಯನ್ನೇ ಮೇಲಕ್ಕೆ ತಿರುಗಿಸಿಟ್ಟ. ಒಳಗೆ ಸುತ್ತಿದ ತಂತಿಯ ವೈಂಡಿಂಗ್ ಕರಗಿಹೋಯಿತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಬಂದು ಕೇಳಿದಾಗ, ಕರೆಂಟ್ ಸರಿ ಇರಲಿಲ್ಲ ಎಂದನಂತೆ. ರೈಟರು ಸಂಶಯಪಡಲೇ ಇಲ್ಲ. ಇಲ್ಲಿ ಕರೆಂಟ್ ನಂಬುವ ಹಾಗಿಲ್ಲ ಎಂದು ಬರೆದು ಡೀಸೆಲ್ ಪಂಪ್ ತರಿಸಿದರು. ಅದನ್ನು ನಡೆಸುವವನು ಬೇರೆ ಬಂದ. ಮತ್ತೆ ಮೋಟಾರಿನ ಹತ್ತಿರ ಸೇರಿಸಿಕೊಳ್ಳುವವರೆಗೆ ಅಣ್ಣ ಎರಡು ಸೀಸನ್ ಪೈಪು ಹೊತ್ತ.

“ಸರಿಯಾಗಿದ್ದ ಕರೆಂಟಿಗೆ ಹೆಸ್ರು ಕೆಡಿಸಿ ನನ್ ಕೆಲ್ಸ ನಾನೇ ಕಳ್ಕೊಂಡೆ,” ಅಂದ. “ದಡ್ಡ ಅಂತ ಒಪ್ಕೊಂಡಿದ್ರೆ ಬಯ್ದು ಅಲ್ಲೇ ಇಟ್ಕತಿದ್ರು.”

ದಡ್ಡಿ ಎಂದು ಒಪ್ಪಿಕೊಳ್ಳಲು ನಾನು ಅಷ್ಟು ವರ್ಷ ಓದಿರಲಿಲ್ಲ. ಕರೆಂಟೇ ಕೆಟ್ಟದ್ದು ಎಂದು ಬಿಟ್ಟರೆ ನನ್ನ ಡಿಗ್ರಿ ಕ್ಷೇಮ, ಕೆಲಸ ಇಲ್ಲ. ನಾನೇ ಕೆಡಿಸಿದ್ದು ಎಂದರೆ ಕೆಲಸಕ್ಕೆ ಒಂದು ಸಂದು ಉಂಟು, ಡಿಗ್ರಿಯ ಮರ್ಯಾದೆ ಇಲ್ಲ. ಹಿತ್ತಲಿಗೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಮೇಡಂಗೆ ಫೋನು ಮಾಡಿದೆ. ಸಿಗ್ನಲ್ ಅಲ್ಲಿ ಮಾತ್ರ ಸಿಗುತ್ತದೆ.

“ಮೇಡಂ, ಇಲ್ಲಿ ಕರೆಂಟ್ ಸರಿಯಾಗೇ ಇದೆ. ನಾನು ಬರೆದಿದ್ದು ಸುಳ್ಳು. ಕಾರ್ಡಿನ ಪವರ್ ಲಿಮಿಟ್ ಏರಿಸಿ ಯುಪಿಎಸ್ ಮೇಲೆ ಲೋಡ್ ಹಾಕಿದ್ದು ನಾನೇ.”



“ಎಷ್ಟಕ್ಕೆ ಇಟ್ಟಿದ್ರಿ?”

“ನೂರಾ ಹದಿನೈದು.”

“ಯಾಕೆ?”

ಉತ್ತರ ಹುಡುಕಿದೆ. ಓದಿದವಳು ಕೊಡುವಂಥದ್ದು ಒಂದೂ ಸಿಗಲಿಲ್ಲ. “ಅಲ್ಲಿವರೆಗೆ ಹೋಗ್ತಿತ್ತು ಮೇಡಂ,” ಅಂದೆ.

ಅವರು ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. ಈಗ ಎಷ್ಟಿದೆ ಎಂದು ಕೇಳಿದರು. ಎಂಬತ್ತು ಎಂದೆ.

“ನಾಲ್ಕು ಗಂಟೆಗೆ ಎಷ್ಟಾಗಿರುತ್ತೋ ಅಷ್ಟೇ ಕಳಿಸಿ. ಅರ್ಧ ಆದ್ರೂ ಪರವಾಗಿಲ್ಲ. ನಿಲ್ಲದೆ ಓಡ್ತಾ ಅಂತ ನಾನು ನೋಡ್ಬೇಕು.”

ಆ ದಿನ ನಾನು ಏನನ್ನೂ ಮುಟ್ಟಲಿಲ್ಲ. ಮುಟ್ಟದಿರುವುದು ಅಷ್ಟು ಕಷ್ಟದ ಕೆಲಸ ಎಂದು ಗೊತ್ತಿರಲಿಲ್ಲ. ಮಧ್ಯಾಹ್ನ ಎಲ್ಲ ಸರಿಯಾಗಿ ಓಡುತ್ತಿದ್ದಾಗ, ಎಂಬತ್ತೈದು ಮಾಡಿದರೆ ಏನಾಗಬಹುದು ಎಂದು ಒಂದು ಸಲ ಕೈ ಮೌಸಿನ ಕಡೆ ಹೋಯಿತು. ಅಣ್ಣ ಚಾಪೆ ಹಾಸಿಕೊಂಡು ಅಲ್ಲೇ ಮಲಗಿದ್ದ, ಕಣ್ಣು ಮುಚ್ಚಿಕೊಂಡೇ “ಇಂಜಿನಿಯರಮ್ಮಾ” ಎಂದ. ಕೈ ತೆಗೆದೆ. ಹೊರಗೆ ಹೋಗಿ ಅವ್ವನ ಜೊತೆ ಬಿಸಿಲಿಗೆ ಹರಡಿದ್ದ ಮೆಣಸು ಕೈಯಾಡಿಸಿದೆ. ಅರ್ಧ ಗಂಟೆಗೊಮ್ಮೆ ಒಳಗೆ ಬಂದು ಎಷ್ಟನೇ ಚಿತ್ರ ಎಂದು ನೋಡಿ ಹೋಗುತ್ತಿದ್ದೆ.

ಮೂರು ಮುಕ್ಕಾಲಿಗೆ ನಿಲ್ಲಿಸಿದೆ. ಇನ್ನೂರ ಮೂವತ್ತೆಂಟು. ಸೇರಿಸಿ ವಿಡಿಯೋ ಮಾಡಿದರೆ ಒಂಬತ್ತೂವರೆ ಸೆಕೆಂಡು. ಕ್ಯಾಮೆರಾ ಹೂಬಿಟ್ಟ ಗಿಡಗಳ ನಡುವೆ ನಡೆದು, ಬಂಗಲೆಯ ಮೆಟ್ಟಿಲ ಮುಂದೆ ಬಂದು ಅಲ್ಲೇ ನಿಂತುಬಿಡುತ್ತಿತ್ತು. ಕಳಿಸಿದೆ. ಅವ್ವ ಎರಡು ಸಲ ಹಾಕಿಸಿಕೊಂಡು ನೋಡಿದಳು. ಗಿಡಗಳ ಬಗ್ಗೆ ಈ ಸಲ ತಕರಾರು ಹೇಳಲಿಲ್ಲ. ಯಾಕೆ ಅಲ್ಲೇ ನಿಂತಿತು ಎಂದು ಕೇಳಿದಳು. ಸಮಯ ಸಾಲಲಿಲ್ಲ ಎಂದೆ.

“ನಾನೂ ಅಲ್ಲಿಗಂಟ್ಲೇ ಹೋಗಿದ್ದು,” ಅಂದಳು. “ಶನಿವಾರ ಸಂಬಳಕ್ಕೆ ಎಸ್ಟೇಟ್ ಬಂಗ್ಲೆ ಮೆಟ್ಲ ಕೆಳಗೆ ನಿಲ್ಲಿಸ್ತಿದ್ರು.”

ಸಂಜೆ ಮೇಡಂ ಮೆಸೇಜ್ ಹಾಕಿದರು. ಕಾಫಿ ಗಿಡ ಎಲ್ಲಿಂದ ತಂದಿರಿ ಎಂದು ಕೇಳಿದ್ದರು. ಉಳಿದ ಅರವತ್ತೆರಡನ್ನು ಸೋಮವಾರ ಹತ್ತು ಗಂಟೆಗೆ ಕಳಿಸಿ, ಸೆಟ್ಟಿಂಗ್ ಮುಟ್ಟಬೇಡಿ ಎಂದಿದ್ದರು. ಭಾನುವಾರ ಬೆಳಿಗ್ಗೆ ತಿಂಡಿಗೆ ಮೊದಲು ಶುರು ಮಾಡಿದ್ದು ಮಧ್ಯಾಹ್ನದ ಊಟಕ್ಕೆ ಮೊದಲು ಮುಗಿಯಿತು. ಸೋಮವಾರ ಹತ್ತಕ್ಕೆ ಕಳಿಸಿದೆ, ಹನ್ನೊಂದಕ್ಕೆ ಉತ್ತರ ಬಂತು. ಮೂರು ತಿಂಗಳು ಕೆಲಸ ಕೊಟ್ಟು ನೋಡುತ್ತಾರಂತೆ. ಒಂದು ಷರತ್ತು: ವಾರಕ್ಕೊಮ್ಮೆ ಪವರ್ ಲಿಮಿಟ್ ಪಟ್ಟಿಯ ಫೋಟೋ ಕಳಿಸಬೇಕು. ಪ್ರತಿ ಸೋಮವಾರ ನಾನು, ಬಿ.ಇ., ಹೋಂವರ್ಕ್ ತೋರಿಸುವ ಹಾಗೆ ಎಂಬತ್ತರ ಫೋಟೋ ತೆಗೆದು ಕಳಿಸುತ್ತೇನೆ. ಜೆರಾಕ್ಸ್ ಅಂಗಡಿಯ ಯಜಮಾನರಿಗೆ ಇನ್ನು ಬರುವುದಿಲ್ಲ ಎಂದು ಉತ್ತರ ಬಂದ ದಿನವೇ ಹೇಳಿಬಿಟ್ಟೆ.

ಆಮೇಲೆ ಅವ್ವನನ್ನು ಕರೆದು ಪೂರ್ತಿ ಹನ್ನೆರಡು ಸೆಕೆಂಡು ತೋರಿಸಿದೆ. ಕ್ಯಾಮೆರಾ ಹೂವಿನ ನಡುವೆ ಬಂತು, ಮೆಟ್ಟಿಲು ಹತ್ತಿತು, ಬಾಗಿಲು ದಾಟಿತು. ಒಳಗೆ ಒಂದು ಸೋಫಾ, ಒಂದು ದೀಪ, ಗಾಜಿನ ಮೇಜು, ಗೋಡೆಗೆ ಒಂದು ಚಿತ್ರಪಟ. ಮುಗಿಯಿತು. ಅವ್ವ ಇನ್ನೂ ಏನೋ ಬರುತ್ತದೆ ಎಂಬಂತೆ ಪರದೆಯನ್ನೇ ನೋಡುತ್ತಿದ್ದಳು.

“ಇಷ್ಟೇನಾ ಒಳಗೆ?” ಅಂದಳು.